ದಾನವೂ ಒಡೆತನವೂ

ದಾನವೆಂದರೇನೆಂಬುದಕ್ಕೆ ನಮ್ಮ ಧರ್ಮಶಾಸ್ತ್ರಕಾರರು ಮಾಡಿರುವ ಲಕ್ಷಣವು ಬಹಳ ಸಂಕ್ಷೇಪವಾದುದು. ಒಂದು ವಸ್ತುವಿನಲ್ಲಿ ತನಗಿರುವ ಸ್ವತ್ವವನ್ನು ನಿವರ್ತಿಸಿಕೊಂಡು, ಅದರಲ್ಲಿ ಇನ್ನೊಬ್ಬನ ಸ್ವತ್ವವನ್ನು ಉಂಟುಮಾಡುವುದೇ ದಾನವೆಂಬುದು ಅದರ ತಾತ್ಪರ್ಯ. ಪಾಠಶಾಲೆಯಲ್ಲಿ ಓದುವ ವಿದ್ಯಾರ್ಥಿಗೆ ಇದು ಕೇವಲ ಕ್ರಯಪತ್ರದ ಒಕ್ಕಣೆಯಂತೆ ಶುಷ್ಕವಾಗಿ ತೋರುವುದುಂಟು. ಆದರೆ ವಿಚಾರಿಸಿ ನೋಡಿದರೆ ಇದರಲ್ಲಿ ಎರಡು ಕಾರ್ಯಗಳು ಅಡಗಿವೆ. ಕೊಡುವುದು ಒಂದು, ಬಿಡುವುದು ಇನ್ನೊಂದು. ಕೊಡುವುದು ಕೈಯ ಕೆಲಸ. ಅದು ಕ್ಷಣಮಾತ್ರದಲ್ಲಿ ಮುಗಿಯುವುದು. ಬಿಡುವುದು ಮನಸ್ಸಿನ ಕೆಲಸ. ಅದು ಎಷ್ಟೋ ಸಲ ವರ್ಷಗಳು ಕಳೆದರೂ ಮುಗಿಯುವುದಿಲ್ಲ. ಹಸುವನ್ನು ದಾನವಾಗಿ ಕೊಟ್ಟವನು ಹಗ್ಗದ ತುದಿಯನ್ನು ತನ್ನ ಕೈಯಲ್ಲಿಯೇ ಇರಿಸಿಕೊಂಡಿದ್ದರೆ ಆ ಹಸುವು ಯಾರದು?

ಈ ಪ್ರಶ್ನೆಯನ್ನು ಪ್ರಕೃತ ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ಕೊಕ್ಕರ್ಣೆ, ಬಾರಕೂರು, ಬ್ರಹ್ಮಾವರ, ಕುಂದಾಪುರಗಳ ಈ ಪ್ರದೇಶದಲ್ಲಿ ನಾವೂ ಕ್ರೈಸ್ತರೂ ಬಹುಕಾಲದಿಂದ ನೆರೆಕರೆಯವರಾಗಿ ಬಾಳಿಕೊಂಡು ಬಂದಿರುವೆವು. ಅವರ ಆಸ್ಪತ್ರೆಗಳಲ್ಲಿ ನಮ್ಮವರು ಹುಟ್ಟಿದ್ದಾರೆ. ಅವರ ಶಾಲೆಗಳಲ್ಲಿ ನಮ್ಮ ಮಕ್ಕಳು ಓದಿದ್ದಾರೆ. ಆದರೂ ಅವರ ಧರ್ಮಕಾರ್ಯಗಳ ವಿಷಯದಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತಿವೆ. ಸೇವೆಯೆಂದರೆ ಅವರದೇ ಸೇವೆ, ನಮ್ಮಲ್ಲಿ ಅದರ ಗಂಧವೇ ಇಲ್ಲ ಎನ್ನುವವರು ಕೆಲವರು. ಅದೆಲ್ಲವೂ ಮೀನಿಗೆ ಕಟ್ಟಿದ ಗಾಳ, ಅವರ ಔಷಧಿಯ ಸೀಸೆಯಲ್ಲಿಯೂ ಮತಪ್ರಚಾರವೇ ತುಂಬಿದೆ ಎನ್ನುವವರು ಇನ್ನು ಕೆಲವರು. ಈ ಎರಡು ಮಾತುಗಳೂ ವಿಚಾರವಿಲ್ಲದೆ ಆಡಿದವುಗಳೆಂದು ತೋರುತ್ತದೆ. ತನ್ನ ಮತದ ಪ್ರೇರಣೆಯಿಂದ, ತನ್ನ ಮತದ ಸಂಸ್ಥೆಗೆ ಒಬ್ಬನು ಕೊಡುವ ಹಣವೂ ಮಾಡುವ ದುಡಿಮೆಯೂ ಮೇಲಿನ ಲಕ್ಷಣಕ್ಕೆ ಒಪ್ಪುವ ದಾನವಾಗಬಲ್ಲದೆ? ಇದೇ ಈ ಲೇಖನದ ವಿಚಾರ.

ಮೊದಲು ಅವರು ಕೊಡುವ ಕ್ರಮವನ್ನು ನೋಡೋಣ. ನಮ್ಮ ಕರಾವಳಿಯ ಅನೇಕ ಕ್ಯಾಥೊಲಿಕ್ ಇಗರ್ಜಿಗಳಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯೆಂಬುದೊಂದುಂಟು. 1833ರಲ್ಲಿ ಪ್ಯಾರಿಸ್ ನಗರದಲ್ಲಿ ಫ್ರೆಡರಿಕ್ ಓಜನಾಂ ಎಂಬ ತರುಣ ವಿದ್ಯಾರ್ಥಿಯೂ ಅವನ ಮಿತ್ರರೂ ಕೂಡಿ ಆರಂಭಿಸಿದ ಸಂಘವಿದು. ಇದರ ಸದಸ್ಯರು ಪಾದ್ರಿಗಳಲ್ಲ, ಸಂಸಾರಿಗಳಾದ ಸಾಮಾನ್ಯ ಜನರು. ಇವರು ಬಡವರನ್ನು ತಮ್ಮಲ್ಲಿಗೆ ಕರೆಯಿಸಿಕೊಳ್ಳದೆ, ತಾವೇ ಅವರ ಮನೆಗಳಿಗೆ ಹೋಗಿ, ಕುಳಿತು, ಸುಖದುಃಖಗಳನ್ನು ವಿಚಾರಿಸಿ ನೆರವಾಗತಕ್ಕದ್ದೆಂಬುದು ಸಂಘದ ಮುಖ್ಯ ನಿಯಮ. ಸಭೆ ಕೂಡಿದಾಗ ಒಂದು ಚೀಲವನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಪ್ರತಿಯೊಬ್ಬನೂ ಮುಷ್ಟಿಯನ್ನು ಒಳಗೆ ಬಿಟ್ಟು ತೆಗೆಯುವನು. ಯಾರು ಎಷ್ಟು ಹಾಕಿದರು, ಹಾಕಿದರೋ ಇಲ್ಲವೋ, ಪಕ್ಕದಲ್ಲಿದ್ದವನಿಗೂ ತಿಳಿಯದು. ಬಲಗೈ ಮಾಡಿದುದನ್ನು ಎಡಗೈ ಅರಿಯಬಾರದೆಂದು ಯೇಸುಕ್ರಿಸ್ತನು ಬೋಧಿಸಿದುದನ್ನು ಒಂದು ಬಟ್ಟೆಯ ಚೀಲದಿಂದ ಆಚರಣೆಗೆ ತಂದವರು ಇವರು. ಗುಪ್ತದಾನವು ಶ್ರೇಷ್ಠವೆಂದು ನಾವೂ ಹೇಳುವೆವು. ಆದರೆ ಅದನ್ನು ವಾರದ ಅಭ್ಯಾಸವನ್ನಾಗಿ ಮಾಡಿಕೊಂಡವರು ನಮ್ಮಲ್ಲಿ ಎಷ್ಟು ಜನರಿರುವರು?

ಪ್ರಾಟೆಸ್ಟಂಟ್ ಸಭೆಗಳಲ್ಲಿ ಬೆಳೆಹಬ್ಬವೆಂಬ ಆಚರಣೆಯುಂಟು. ಒಕ್ಕಲಿನವನು ತನ್ನ ಹೊಲದ ಅಕ್ಕಿಯನ್ನೂ, ತೋಟದ ತೆಂಗಿನಕಾಯಿಯನ್ನೂ, ಅಂಗಳದ ಕುಂಬಳಕಾಯಿಯನ್ನೂ ತಂದು ದೇವರ ಮುಂದಿಡುವನು. ಆರಾಧನೆಯ ಬಳಿಕ ಅವುಗಳನ್ನು ಏಲಂ ಮಾಡುವರು. ಪೇಟೆಯ ಬೆಲೆಗಿಂತ ಹೆಚ್ಚು ಕೊಟ್ಟು ಒಬ್ಬನು ಕುಂಬಳಕಾಯಿಯನ್ನು ಕೊಂಡುಕೊಂಡರೆ, ಬೆಳೆದವನೂ ಕೊಟ್ಟಂತಾಯಿತು, ಕೊಂಡವನೂ ಕೊಟ್ಟಂತಾಯಿತು. ನಮ್ಮ ಹೊಸ್ತಿನ ಹಬ್ಬವನ್ನೂ, ಉಡುಪಿಯ ಪರ್ಯಾಯಕ್ಕೆ ಊರೂರುಗಳಿಂದ ಮೆರವಣಿಗೆಯಲ್ಲಿ ಹೋಗುವ ಹೊರೆಕಾಣಿಕೆಯನ್ನೂ ಕಂಡವರಿಗೆ ಇದೇನೂ ಹೊಸದಾಗಿ ತೋರದು. ಕೊಡುವ ಬುದ್ಧಿಯು ಯಾವ ಮತದ ಗುತ್ತಿಗೆಯೂ ಅಲ್ಲ. ಮಂದಾರ್ತಿಯ ಅಮ್ಮನವರ ಹರಕೆಯಾಟಕ್ಕಾಗಿ ಸೇವಾಕರ್ತರು ವರ್ಷಗಟ್ಟಲೆ ಸರದಿಯಲ್ಲಿ ಕಾದಿರುವ ಸೀಮೆ ನಮ್ಮದು. ಆದುದರಿಂದ ನಮ್ಮಲ್ಲಿ ಔದಾರ್ಯವಿಲ್ಲವೆಂಬ ಮೊದಲನೆಯ ಮಾತು ನಿಲ್ಲಲಾರದು.

ಇನ್ನು ಎರಡನೆಯ ಮಾತು. ಅದನ್ನು ವಿಚಾರಿಸುವುದಕ್ಕೆ ಬಾಸೆಲ್ ಮಿಶನಿನ ವೃತ್ತಾಂತವು ತಕ್ಕ ಉದಾಹರಣೆಯಾಗಿದೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿನಲ್ಲಿ ಬಂದಿಳಿದರು. ಅವರನ್ನು ಕಳುಹಿಸಿದ ಮಿಶನಿನ ಆಶ್ರಯದಾತರು ರಾಜರಲ್ಲ. ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಕೆಲವರು ವರ್ತಕರನ್ನು ಬಿಟ್ಟರೆ, ಉಳಿದವರಲ್ಲಿ ಬಹುಮಂದಿ ಆ ಸೀಮೆಯ ಹಾಗೂ ಜರ್ಮನಿಯ ವ್ಯುರ್ಟೆಂಬರ್ಗಿನ ರೈತರೂ ಕೈಕಸುಬಿನವರೂ ಆಗಿದ್ದರು. 1855ರಲ್ಲಿ ಕಾರ್ಲ್ ಸಾರಾಸಿನ್ ಎಂಬ ರೇಷ್ಮೆಪಟ್ಟಿಯ ಉದ್ಯಮಿಯು ಅರ್ಧ ಬಾಟ್ಸೆನ್ ವಂತಿಗೆಯೆಂಬ ಪದ್ಧತಿಯನ್ನು ಏರ್ಪಡಿಸಿದನು. ವಾರಕ್ಕೆ ಅರ್ಧ ಬಾಟ್ಸೆನ್, ಎಂದರೆ ಒಂದು ಫ್ರಾಂಕಿನ ಇಪ್ಪತ್ತನೆಯ ಒಂದು ಪಾಲು, ಕೊಡತಕ್ಕದ್ದು. ಹೆಚ್ಚು ಕೊಡಬೇಕೆಂಬ ಒತ್ತಾಯವಿಲ್ಲ. ತಪ್ಪದೆ ಕೊಡಬೇಕೆಂಬುದೊಂದೇ ನಿಯಮ. ಇದನ್ನು ಮನೆಮನೆಗೂ ಹೋಗಿ ಕೂಡಿಸುವ ಕೆಲಸವನ್ನು ಸಂಬಳವಿಲ್ಲದ ಸ್ವಯಂಸೇವಕರು ವಹಿಸಿಕೊಂಡರು. ವಿಧವೆಯೊಬ್ಬಳು ಕಾಣಿಕೆಯ ಪೆಟ್ಟಿಗೆಯಲ್ಲಿ ಹಾಕಿದ ಎರಡು ಚಿಕ್ಕ ಕಾಸುಗಳನ್ನು ಧನಿಕರ ರಾಶಿಗಿಂತ ಹಿರಿದೆಂದು ಯೇಸು ಹೇಳಿದ ಕಥೆಯು ಬೈಬಲಿನಲ್ಲಿದೆ. ಆ ಕಥೆಯನ್ನು ಲೆಕ್ಕಪುಸ್ತಕಕ್ಕೆ ಇಳಿಸಿದಂತೆ ಈ ವಂತಿಗೆಯಿತ್ತು.

ಈಗ ಪೂರ್ವಪಕ್ಷವನ್ನು ಅದರ ಪೂರ್ಣಬಲದಿಂದಲೇ ಹೇಳಬೇಕು. ದುರ್ಬಲಗೊಳಿಸಿ ಖಂಡಿಸುವುದು ನ್ಯಾಯವಲ್ಲ. ಆ ಅರ್ಧ ಬಾಟ್ಸೆನ್ ಕೊಟ್ಟವಳ ಮನಸ್ಸಿನಲ್ಲಿ ಏನಿತ್ತು? ಕಡಲಿನಾಚೆಯ ಜನರು ತನ್ನ ದೇವರನ್ನು ಅರಿಯಲಿ, ತನ್ನ ಮತವನ್ನು ಸೇರಲಿ ಎಂಬ ಆಸೆಯೇ ಇತ್ತು. ಅದನ್ನು ಅವಳು ಮರೆಮಾಚಲೂ ಇಲ್ಲ. ಮಿಶನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯನೆಂಬ ಸಾರಸ್ವತ ಬ್ರಾಹ್ಮಣ ತರುಣನು 1844ರಲ್ಲಿ ದೀಕ್ಷಾಸ್ನಾನ ಹೊಂದಿದಾಗ ಮಂಗಳೂರೇ ಕಲಕಿಹೋಯಿತು. ವಿದ್ಯೆಗಾಗಿ ಮಗನನ್ನು ಕಳುಹಿಸಿದ ತಂದೆತಾಯಿಗಳಿಗೆ, ತಾವು ಕೊಂಡದ್ದು ದಾನವೋ, ಅಲ್ಲ ಕಾಣದ ಬೆಲೆಯುಳ್ಳ ಸರಕೋ ಎಂಬ ಸಂಶಯ ಹುಟ್ಟಿದುದು ಸಹಜವೇ. ಮತಾಂತರ ಹೊಂದಿ ಜಾತಿಯಿಂದಲೂ ಕುಲವೃತ್ತಿಯಿಂದಲೂ ಹೊರಬಿದ್ದವರಿಗೆ ಜೀವನೋಪಾಯವಾಗಲೆಂದು ಮಿಶನ್ ನೇಯ್ಗೆಯ ಕಾರ್ಖಾನೆಯನ್ನೂ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿತು. ಹೊರಬಿದ್ದವನಿಗೆ ಆಶ್ರಯ ಕೊಡುವುದು ಧರ್ಮವೇ. ಆದರೆ ಅನ್ನವೂ ಮತವೂ ಒಂದೇ ಬಾಗಿಲಿನಿಂದ ಬರತೊಡಗಿದಾಗ, ಒಳಗೆ ಹೋದವನು ಯಾವುದಕ್ಕಾಗಿ ಹೋದನೆಂದು ಅವನೇ ಹೇಳುವುದು ಕಷ್ಟವಾಗುವುದು. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ದಾನವನ್ನು ಮೂರಾಗಿ ವಿಭಾಗಿಸಿ, ಪ್ರತಿಫಲವನ್ನು ಬಯಸಿ ಕೊಡುವುದು ರಾಜಸವೆಂದು ಹೇಳಿದೆಯಷ್ಟೆ. ಹಾಗಾದರೆ ಇವೆಲ್ಲವೂ ರಾಜಸದಾನವಲ್ಲವೆ? ಇದು ಪೂರ್ವಪಕ್ಷ.

ಇದಕ್ಕೆ ಸಮಾಧಾನವೇನೆಂದರೆ, ಬಯಕೆಯೂ ಹಿಡಿತವೂ ಒಂದೇ ಅಲ್ಲ. ನನಗೆ ಅಮೃತವೆಂದು ತೋರಿದುದು ನನ್ನ ನೆರೆಯವನಿಗೂ ದೊರೆಯಲೆಂದು ನಾನು ಬಯಸುವುದು ದೋಷವಾಗಲಾರದು. ಮಧ್ವಮತಸ್ಥನು ಪ್ರವಚನವನ್ನೇರ್ಪಡಿಸುವಾಗಲೂ, ಶರಣನು ದಾಸೋಹ ನಡೆಯಿಸುವಾಗಲೂ ಅಂಥ ಬಯಕೆಯು ಇದ್ದೇ ಇರುವುದು. ನಂಬಿಕೆಯುಳ್ಳವನ ಮನಸ್ಸಿನಿಂದ ಅದನ್ನು ಕಿತ್ತೆಸೆಯಬೇಕೆಂದರೆ ನಂಬಿಕೆಯನ್ನೇ ಕಿತ್ತೆಸೆಯಬೇಕಾದೀತು. ಆದರೆ ಕೊಳ್ಳುವವನು ನನ್ನ ಬಯಕೆಯಂತೆ ನಡೆಯದಿದ್ದರೆ ನಾನು ಏನು ಮಾಡುವೆನು? ಪರೀಕ್ಷೆಯಿರುವುದು ಇಲ್ಲಿ. ಅವನಿಗೆ ಔಷಧಿಯನ್ನು ನಿಲ್ಲಿಸುವೆನೆ, ಅವನ ಮಗುವನ್ನು ಹಿಂದಿನ ಸಾಲಿಗೆ ತಳ್ಳುವೆನೆ, ನಾಳೆ ಕಂಡಾಗ ಮುಖ ತಿರುಗಿಸುವೆನೆ? ಹಾಗೆ ಮಾಡಿದರೆ ಹಗ್ಗದ ತುದಿಯು ನನ್ನ ಕೈಯಲ್ಲಿಯೇ ಇತ್ತೆಂದು ಸಿದ್ಧವಾಯಿತು. ಮಾಡದೆ, ಮೊದಲಿನಂತೆಯೇ ಕೊಡುತ್ತಿದ್ದರೆ, ನನ್ನ ಬಯಕೆಯು ನನ್ನ ಪ್ರಾರ್ಥನೆಯಲ್ಲಿಯೇ ಉಳಿದು, ದಾನವು ದಾನವಾಗಿಯೇ ಹೋಯಿತು. ನಮ್ಮ ರಾಜ್ಯಾಂಗದ 25ನೆಯ ವಿಧಿಯು ಮತಪ್ರಚಾರದ ಸ್ವಾತಂತ್ರ್ಯವನ್ನು ಕೊಟ್ಟಿರುವುದೂ, ಇನ್ನೊಬ್ಬನನ್ನು ಮತಾಂತರಗೊಳಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲಿ ತೀರ್ಪಿತ್ತಿರುವುದೂ ಇದನ್ನು ಹೋಲುವ ವಿವೇಚನೆಯೇ ಆಗಿವೆ. ಆದರೆ ನ್ಯಾಯಾಲಯವು ಹೊರಗಿನ ಕೃತ್ಯವನ್ನು ಮಾತ್ರ ಅಳೆಯಬಲ್ಲದು. ಒಳಗಿನ ಹಗ್ಗವನ್ನು ಕೊಟ್ಟವನೇ ಹುಡುಕಿಕೊಳ್ಳಬೇಕು.

ಈ ಪರೀಕ್ಷೆಯನ್ನು ಹಿಡಿದು ನೋಡಿದರೆ ಮಿಶನಿನ ಎಲ್ಲಾ ಕೆಲಸಗಳೂ ಒಂದೇ ತೂಕಕ್ಕೆ ಬರುವುದಿಲ್ಲ. ಕೆಲವೆಡೆ ಹಗ್ಗವಿತ್ತೆಂಬುದನ್ನು ನಿಷ್ಪಕ್ಷಪಾತಿಯಾದ ಕ್ರೈಸ್ತನೂ ಒಪ್ಪುವನು. ಆದರೆ ಕೆಲವೆಡೆ ಅದು ಆಶ್ಚರ್ಯಕರವಾಗಿ ಕಳಚಿಬಿದ್ದಿದೆ. ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧಿಕಾರಿಯೊಬ್ಬರು ಮಿಶನಿಗೆ ಉದಾರವಾಗಿ ದ್ರವ್ಯಸಹಾಯ ಮಾಡಿದವರು. ಅವರ ನೆರವಿನಿಂದ ಹೆರ್ಮನ್ ಮೋಗ್ಲಿಂಗನು 1848ರಿಂದ ತೊಡಗಿ ಕೆಲವು ವರ್ಷಗಳಲ್ಲಿ ಮುದ್ರಿಸಿ ಹೊರತಂದ ಗ್ರಂಥಮಾಲೆಯಲ್ಲಿ ಜೈಮಿನಿ ಭಾರತವೂ, ಬಸವಪುರಾಣವೂ, ದಾಸರ ಪದಗಳೂ ಇದ್ದುವು. ಕ್ರಿಸ್ತಭಕ್ತನೊಬ್ಬನ ಕಾಣಿಕೆಯು ವಿಷ್ಣುಭಕ್ತರ ಪದಗಳಿಗೂ ಶಿವಭಕ್ತನ ಪುರಾಣಕ್ಕೂ ಕಾಗದವಾಯಿತು, ಮಸಿಯಾಯಿತು. ಆ ಜನರ ಮನಸ್ಸನ್ನು ಅರಿಯುವುದಕ್ಕಾಗಿಯೇ ಆ ಗ್ರಂಥಗಳನ್ನು ಅಚ್ಚುಹಾಕಿದರೆಂದು ಆಕ್ಷೇಪಿಸಬಹುದು. ಹಾಗೆಯೇ ಇರಲಿ. ಉದ್ದೇಶವು ಏನೇ ಇದ್ದರೂ ಪುಸ್ತಕವು ಕನ್ನಡಿಗರ ಕೈಗೆ ಬಂದ ಮೇಲೆ ಅದನ್ನು ಹೇಗೆ ಓದಬೇಕೆಂಬುದು ಕನ್ನಡಿಗರ ಸ್ವತ್ವವಾಯಿತು. ದಾನದ ಲಕ್ಷಣವು ಅಲ್ಲಿ ಪೂರ್ಣವಾಗಿ ಸಿದ್ಧಿಸಿದೆ.

ಮಂಗಳೂರಿನ ಕಂಕನಾಡಿಯ ಪಾದ್ರಿ ಮುಲ್ಲರರ ಕಾರ್ಯವು ಇನ್ನೂ ಸ್ಪಷ್ಟವಾದ ದೃಷ್ಟಾಂತ. ಜರ್ಮನಿಯಿಂದ ಬಂದ ಈ ಜೆಸುವಿಟ್ ಪಾದ್ರಿಯು 1880ರಲ್ಲಿ ಬಡವರಿಗಾಗಿ ಹೋಮಿಯೋಪತಿಯ ಔಷಧಾಲಯವನ್ನು ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಮವನ್ನು ಕಟ್ಟಿದರು. ಮಹಾಮಾರಿಯಾದ ಪ್ಲೇಗು ಬಂದಾಗ, 1902ರಲ್ಲಿ, ಅದಕ್ಕೂ ಒಂದು ಆಸ್ಪತ್ರೆಯನ್ನು ಏರ್ಪಡಿಸಿದರು. ಕುಷ್ಠರೋಗಿಯಿಂದ ಪ್ರತಿಫಲವಾಗಿ ಏನು ಬರಬೇಕಾಗಿತ್ತು? ಮನೆಯವರೇ ಹೊರಗಟ್ಟಿದವನ ಕೃತಜ್ಞತೆಯಿಂದ ಯಾರ ಕೀರ್ತಿಯೂ ಬೆಳೆಯದು. ಪ್ಲೇಗು ತಗುಲಿದವನ ಮತವನ್ನು ಗಣಿಸುವುದಕ್ಕೆ ಎಷ್ಟೋ ಸಲ ಸಮಯವೇ ಇರುವುದಿಲ್ಲ. ನಮ್ಮ ಉಡುಪಿಯಲ್ಲಿ ಇವಾ ಲೊಂಬಾರ್ಡ್ ಎಂಬ ಸ್ವಿಸ್ ವೈದ್ಯೆಯು 1923ರಲ್ಲಿ ತೆರೆದ ಆಸ್ಪತ್ರೆಯು ನೂರು ವರ್ಷಗಳನ್ನು ಕಳೆದು ಇಂದಿಗೂ ನಡೆಯುತ್ತಿದೆ. ಮಿಶನ್ ಆಸ್ಪತ್ರೆಯೆಂದೇ ನಮ್ಮ ಹಳ್ಳಿಗರು ಅದನ್ನು ಕರೆಯುವರು. ಅಲ್ಲಿ ಹೆರಿಗೆಯಾಗಿ ಬಂದ ಅಸಂಖ್ಯ ತಾಯಂದಿರು ಮಗುವಿಗೆ ತಮ್ಮ ಮನೆದೇವರ ಹೆಸರನ್ನೇ ಇಟ್ಟು, ಮೊದಲಿನಂತೆಯೇ ಹರಕೆ ತೀರಿಸಿಕೊಂಡು ಬಾಳಿದ್ದಾರೆ.

ಬ್ರಹ್ಮಾವರಕ್ಕೆ ಸಂಬಂಧಿಸಿದ ಇನ್ನೊಂದು ಚರಿತ್ರೆಯುಂಟು. ಗೋವೆಯ ಪಾದ್ರಿ ಅಲ್ವಾರಿಸರು ರೋಮಿನ ಸಭೆಯೊಡನೆ ವಿರಸವುಂಟಾಗಿ ಹೊರಬಂದು, 1889ರಲ್ಲಿ ಸಿರಿಯನ್ ಸಭೆಯ ಬಿಷಪರಾಗಿ ಅಭಿಷಿಕ್ತರಾದರು. ಬ್ರಹ್ಮಾವರದ ಸಿರಿಯನ್ ಇಗರ್ಜಿಯವರು ಅವರ ಅನುಯಾಯಿಗಳ ಪರಂಪರೆಯವರು. ಪಣಜಿಯಲ್ಲಿ ಅವರು ದಿಕ್ಕಿಲ್ಲದ ಬಡವರಿಗೂ ರೋಗಿಗಳಿಗೂ ಆಶ್ರಯವಿತ್ತು, ಕೈಯಲ್ಲಿದ್ದುದು ಮುಗಿದ ಬಳಿಕ ಅವರಿಗಾಗಿ ತಾವೇ ಭಿಕ್ಷೆಗೆ ಹೊರಟರು. 1923ರಲ್ಲಿ ಬಡವರಾಗಿಯೇ ತೀರಿಕೊಂಡರು. ಬಿಷಪನಾದವನು ಭಿಕ್ಷಾಪಾತ್ರೆಯನ್ನು ಹಿಡಿದಾಗ, ಕೊಡುವವನು ಮೇಲು ಕೊಳ್ಳುವವನು ಕೀಳು ಎಂಬ ಭಾವನೆಗೆ ಎಡೆಯೆಲ್ಲಿಯದು? ತೈತ್ತಿರೀಯೋಪನಿಷತ್ತು ಕೊಡುವವನಿಗೆ ಶ್ರದ್ಧೆಯೊಡನೆ ಲಜ್ಜೆಯನ್ನೂ ಭಯವನ್ನೂ ವಿಧಿಸಿರುವುದರ ಮರ್ಮವು ಇಂಥ ಚರಿತ್ರೆಗಳಿಂದ ತಿಳಿಯುವುದು.

ಇಲ್ಲಿ ಇನ್ನೊಂದು ಪಕ್ಷದವರ ಆಕ್ಷೇಪವನ್ನೂ ಕೇಳಬೇಕು. ದಾನಕ್ಕೆ ಮತದ ಸಂಬಂಧವೇ ಬೇಡ, ಶುದ್ಧವಾದ ಮಾನವದಯೆಯೇ ಸಾಕು ಎಂದು ಅವರು ಹೇಳುವರು. ಮಾತು ಸುಂದರವಾಗಿದೆ. ಆದರೆ ದಯೆಯೆಂಬುದು ಮಳೆಗಾಲದ ತೋಡಿನಂತೆ. ಉಕ್ಕಿ ಬರುವುದು, ಬೇಗನೆ ಇಂಗಿ ಹೋಗುವುದು. ಹುಣ್ಣನ್ನು ಮೊದಲನೆಯ ದಿನ ತೊಳೆಯುವುದಕ್ಕೆ ದಯೆ ಸಾಕು. ನಲುವತ್ತನೆಯ ದಿನವೂ, ರೋಗಿಯು ಬಯ್ಯುವವನಾಗಿದ್ದರೂ, ಯಾರೂ ನೋಡದಿದ್ದರೂ ತೊಳೆಯಬೇಕಾದರೆ ವ್ರತವು ಬೇಕು. ಕುಷ್ಠಾಶ್ರಮಗಳಲ್ಲಿ ಜೀವಮಾನವನ್ನೇ ಕಳೆದ ಕನ್ಯಾಮಠದ ಸೋದರಿಯರಿಗೆ ಆ ಬಲವು ಅವರ ವ್ರತದಿಂದ ಬಂದುದು. ಈಶಾನ್ಯದ ಮಿಜೋ ಕ್ರೈಸ್ತ ಗೃಹಿಣಿಯರು ಅಡಿಗೆಗೆ ಅಕ್ಕಿಯನ್ನು ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ತೆಗೆದಿರಿಸಿ ಸಭೆಗೆ ಒಪ್ಪಿಸುವ ಪದ್ಧತಿಯು 1910ರಿಂದ ನಡೆದುಬಂದಿದೆ. ದಿನವೂ ಎರಡು ಹೊತ್ತು ಒಲೆಯ ಮುಂದೆ ಕೊಡುವುದನ್ನು ನೆನಪಿಸುವ ಶಕ್ತಿಯು ಕೇವಲ ಮರುಕಕ್ಕಿಲ್ಲ. ನಂಬಿಕೆಯು ದಾನವನ್ನು ಅಭ್ಯಾಸವನ್ನಾಗಿ ಮಾಡುವುದು. ಇದು ಅದರ ದೊಡ್ಡ ಉಪಕಾರ.

ಆದರೆ ಅದೇ ನಂಬಿಕೆಯು ದಾನವನ್ನು ತನ್ನವರ ಬೇಲಿಯೊಳಗೆ ಕಟ್ಟಿಹಾಕುವುದೂ ಉಂಟು. ನಮ್ಮ ಜಾತಿಯ ವಿದ್ಯಾರ್ಥಿನಿಲಯ, ನಮ್ಮ ಸಮಾಜದ ನಿಧಿ, ನಮ್ಮ ಸಭೆಯ ಬಡವರು ಎಂಬ ಭಾವನೆಯು ಎಲ್ಲಾ ಮತಗಳಲ್ಲಿಯೂ ಬೆಳೆದಿದೆ. ತನ್ನವರನ್ನು ಸಾಕುವುದು ಕರ್ತವ್ಯವೇ. ಆದರೆ ಅಲ್ಲಿಗೇ ಮುಗಿಯಿತೆಂದರೆ ಅದು ದೊಡ್ಡ ಕುಟುಂಬದ ಸಂಸಾರವಾಗುವುದೇ ಹೊರತು ದಾನವಾಗದು. ಇದಕ್ಕೆ ಉತ್ತರವು ಕ್ರೈಸ್ತರ ಗ್ರಂಥದಲ್ಲಿಯೇ ಇದೆ. ದಾರಿಯಲ್ಲಿ ಕಳ್ಳರಿಂದ ಪೆಟ್ಟುತಿಂದು ಬಿದ್ದಿದ್ದವನನ್ನು ಅವನ ಮತದ ಯಾಜಕನೂ ಸೇವಕನೂ ಕಂಡು ಪಕ್ಕಕ್ಕೆ ಸರಿದುಹೋದರು. ಎತ್ತಿ ಉಪಚರಿಸಿ, ಛತ್ರದವನಿಗೆ ಹಣಕೊಟ್ಟು ಹೋದವನು ಅವರು ಹೀನವೆಂದೆಣಿಸಿದ್ದ ಸಮಾರ್ಯದವನು. ನೆರೆಯವನು ಯಾರೆಂಬ ಪ್ರಶ್ನೆಗೆ ಯೇಸು ಹೇಳಿದ ಕಥೆಯಿದು. ಆ ಸಮಾರ್ಯದವನು ಗಾಯಗೊಂಡವನ ಮತವನ್ನು ವಿಚಾರಿಸಿದನೆಂದಾಗಲಿ, ಗುಣವಾದ ಮೇಲೆ ತನ್ನ ಗುಡಿಗೆ ಬಾರೆಂದು ಕರೆದನೆಂದಾಗಲಿ ಕಥೆಯಲ್ಲಿ ಇಲ್ಲ.

ಪರರನ್ನು ಈ ಮಾನದಿಂದ ಅಳೆದ ನಾವು ನಮ್ಮನ್ನೂ ಅದರಿಂದಲೇ ಅಳೆಯಬೇಡವೆ? ನಮ್ಮ ದೇವಾಲಯಗಳ ಗೋಡೆಗಳನ್ನು ನೋಡಿರಿ. ಮೆಟ್ಟಿಲಿನ ಮೇಲೆ ಒಬ್ಬನ ಹೆಸರು, ಗಂಟೆಯ ಮೇಲೆ ಇನ್ನೊಬ್ಬನ ಹೆಸರು, ವಿದ್ಯುದ್ದೀಪದ ಕೊಳವೆಯ ಮೇಲೆ ಬೆಳಕನ್ನೇ ತಡೆಯುವಷ್ಟು ದಪ್ಪಕ್ಷರಗಳಲ್ಲಿ ಮತ್ತೊಬ್ಬನ ಹೆಸರು. ಇದು ಹಗ್ಗವಲ್ಲದೆ ಮತ್ತೇನು? ಅನ್ನದಾನದಲ್ಲಿ ನಮಗೆ ಸಮಾನರಿಲ್ಲವೆಂದು ಹೇಳಿಕೊಳ್ಳುವೆವು. ಆದರೆ ಒಂದೇ ಅನ್ನಕ್ಕೆ ಬೇರೆ ಬೇರೆ ಪಂಕ್ತಿಗಳನ್ನು ಹಾಕಿದ ಕಾಲದಲ್ಲಿ, ಉಂಡವನು ಅನ್ನದೊಡನೆ ತನ್ನ ಕೀಳ್ತನವನ್ನೂ ನುಂಗಬೇಕಾಗಿತ್ತು. ಮತವನ್ನು ಒಪ್ಪಿಕೋ ಎಂಬುದು ಒಂದು ಷರತ್ತಾದರೆ, ನಿನ್ನ ಸ್ಥಾನವನ್ನು ಒಪ್ಪಿಕೋ ಎಂಬುದೂ ಒಂದು ಷರತ್ತೇ ಸರಿ. ಮೊದಲನೆಯದನ್ನು ಕಂಡು ಸಿಡಿಮಿಡಿಗೊಳ್ಳುವ ನಾವು ಎರಡನೆಯದನ್ನು ಸಂಪ್ರದಾಯವೆಂದು ಕರೆದು ಸುಮ್ಮನಿದ್ದೆವು. ಮುಲ್ಲರರ ಆಶ್ರಮದ ಬಾಗಿಲಿಗೆ ಹೋದ ಕುಷ್ಠರೋಗಿಯು ನಮ್ಮ ಬಾಗಿಲುಗಳನ್ನು ದಾಟಿಯೇ ಹೋಗಿರಬೇಕು. ಮಡಿಯ ಕೈಯು ಅವನಿಗೆ ಅಕ್ಕಿಯನ್ನು ದೂರದಿಂದ ಹಾಕಬಲ್ಲುದಾಗಿತ್ತು. ಅವನ ಹುಣ್ಣನ್ನು ಮುಟ್ಟಬಲ್ಲುದಾಗಿರಲಿಲ್ಲ.

ದ್ರವ್ಯದಾನಕ್ಕಿಂತ ದೇಹಶ್ರಮದ ದಾನವು ಹಿರಿದೆಂದು ತೋರುವುದಕ್ಕೆ ಕಾರಣವೂ ಇದೇ. ಕೊಟ್ಟ ಹಣದ ಲೆಕ್ಕವನ್ನು ಹತ್ತು ವರ್ಷಗಳ ಮೇಲೂ ಕೇಳಬಹುದು, ಕೊಟ್ಟ ಕಟ್ಟಡದ ಮೇಲೆ ಹೆಸರನ್ನು ಕೆತ್ತಿಸಬಹುದು. ರೋಗಿಯ ಬಳಿ ಕುಳಿತು ಕಳೆದ ಒಂದು ಗಂಟೆಯನ್ನು ಮರಳಿ ಕೇಳುವಂತಿಲ್ಲ. ಅದರ ಮೇಲೆ ಹೆಸರನ್ನು ಕೆತ್ತಿಸುವುದಕ್ಕೆ ಸ್ಥಳವೂ ಇಲ್ಲ. ಕಾಲವೆಂಬುದು ಕೊಡುವಾಗಲೇ ಕೈಬಿಟ್ಟು ಹೋಗುವ ವಸ್ತು. ಶಾಸ್ತ್ರದ ಲಕ್ಷಣದಲ್ಲಿ ಕಷ್ಟವಾಗಿದ್ದ ಭಾಗವು ಇಲ್ಲಿ ತಾನಾಗಿಯೇ ನೆರವೇರುವುದು.

ಇಷ್ಟು ವಿಚಾರದಿಂದ ಗೃಹಸ್ಥರಾದ ನಾವು ಏನನ್ನು ಕಲಿಯಬಹುದು? ಕ್ರೈಸ್ತರ ಮತವನ್ನು ಕೊಳ್ಳದೆಯೂ ಅವರ ಅಭ್ಯಾಸವನ್ನು ಕೊಳ್ಳಬಹುದು. ಅರ್ಧ ಬಾಟ್ಸೆನ್ನಿನಂತೆ ಚಿಕ್ಕದನ್ನು ತಪ್ಪದೆ ಕೊಡುವುದು. ಚೀಲದೊಳಗಿನ ಮುಷ್ಟಿಯಂತೆ ಹೆಸರಿಲ್ಲದೆ ಕೊಡುವುದು. ವಾರಕ್ಕೊಂದು ಗಂಟೆಯಾದರೂ ಕೈಯಿಂದ, ಕಾಲಿನಿಂದ ಕೊಡುವುದು. ನೆರೆಯ ಇಗರ್ಜಿಯವರು ನಡೆಯಿಸುವ ವೃದ್ಧಾಶ್ರಮದಲ್ಲಿಯೇ ಆ ಗಂಟೆಯನ್ನು ಕಳೆದರೂ ನಮ್ಮ ಧರ್ಮಕ್ಕೆ ಕುಂದಿಲ್ಲ. ಅವರ ಸಂಸ್ಥೆಗಳಿಂದ ಉಪಕಾರ ಹೊಂದಿದವರು ಕೃತಜ್ಞತೆಗೆ ಅಂಜಬೇಕಾದುದೂ ಇಲ್ಲ. ಕೃತಜ್ಞತೆಯು ಮನಸ್ಸಿನ ಸಂಪತ್ತು. ಅದು ನಂಬಿಕೆಯಿಂದ ತೀರಿಸಬೇಕಾದ ಸಾಲವಲ್ಲ. ಕ್ರೈಸ್ತ ಮಿತ್ರರಲ್ಲಿಯೂ ಒಂದು ಬಿನ್ನಹವುಂಟು. ನಿಮ್ಮ ಆಸೆಯನ್ನು ದೇವರ ಮುಂದೆ ಎಷ್ಟು ಬೇಕಾದರೂ ಹೇಳಿಕೊಳ್ಳಿರಿ. ರೋಗಿಯ ಮಂಚದ ಬಳಿಯೂ, ಹಸಿದವನ ಎಲೆಯ ಮುಂದೆಯೂ, ಮಗುವಿನ ಪಾಠದ ಹಲಗೆಯ ಮೇಲೆಯೂ ಅದನ್ನು ಇರಿಸಬೇಡಿರಿ. ದುರ್ಬಲನಾಗಿರುವ ಹೊತ್ತಿನಲ್ಲಿ ಮನುಷ್ಯನು ಹೇಳುವ ಹೌದೆಂಬ ಮಾತಿಗೆ ದೇವರ ಸನ್ನಿಧಿಯಲ್ಲಿಯೂ ಬೆಲೆಯಿರಲಾರದು.

ಯಾರ ದೇವರ ಹೆಸರಿನಲ್ಲಿ ಕೊಟ್ಟರೆಂಬುದು ಕೊಟ್ಟವರಿಗೂ ಆ ದೇವರಿಗೂ ಸಂಬಂಧಿಸಿದ ಮಾತು. ಕೊಂಡವನು ಮೊದಲಿಗಿಂತ ಸ್ವತಂತ್ರನಾದನೇ ಅಥವಾ ಅಧೀನನಾದನೇ ಎಂಬುದೊಂದೇ ನಾವು ಕೇಳತಕ್ಕ ಪ್ರಶ್ನೆ. ಸ್ವತಂತ್ರನಾಗಿದ್ದರೆ ಅದನ್ನು ದಾನವೆನ್ನಲು ನಮ್ಮ ಶಾಸ್ತ್ರಕ್ಕೆ ಅಡ್ಡಿಯಿಲ್ಲ.